ಚಳಿಗಾಲಕ್ಕೆ ಔಟ್‌ಬೋರ್ಡ್ ಮೋಟಾರ್ ಎತ್ತಿಡುವ ಮುನ್ನ

ಪ್ರಶ್ನೆ: ಚಳಿಗಾಲ ಮುಗಿಯುವ ತನಕ ದೋಣಿ ನೀರಿಗಿಳಿಯುವುದಿಲ್ಲ. ಔಟ್‌ಬೋರ್ಡ್ ಮೋಟಾರಿಗೆ (ದೋಣಿಯ ಹಿಂಬದಿಗೆ ಹೊರಗಡೆ ಸಿಕ್ಕಿಸುವ ಎಂಜಿನ್) ಸುಮ್ನೆ ಕವರ್ ಹಾಕಿಟ್ಟರೆ ಸಾಲದಾ?

ಉತ್ತರ: ಸಾಲದು. ಕವರ್ ಕೊನೆಯ ಕೆಲಸ. ಮೊದಲು ಟ್ಯಾಂಕಿಗೆ ಫ್ಯೂಯಲ್ ಸ್ಟೆಬಿಲೈಜರ್ (ಪೆಟ್ರೋಲ್ ಕೆಡದಂತೆ ಕಾಯುವ ದ್ರವ) ಹಾಕಿ, ನೀರಿನ ಪೈಪ್ ಜೋಡಿಸಿ ಎಂಜಿನನ್ನು 10 ನಿಮಿಷ ಓಡಿಸಿ. ಒಳಗಿನ ಉಪ್ಪು, ಕೆಸರು ತೊಳೆದುಹೋಗುತ್ತದೆ, ಸ್ಟೆಬಿಲೈಜರ್ ಬೆರೆತ ಪೆಟ್ರೋಲ್ ಕಾರ್ಬ್ಯುರೇಟರ್ ತನಕ ತಲುಪುತ್ತದೆ. ಹಳೇ ಪೆಟ್ರೋಲ್ ಅಲ್ಲೇ ಉಳಿದರೆ ಅಂಟಾಗಿ ಜೆಟ್ಟಿನ ಸಣ್ಣ ತೂತನ್ನು ಕಟ್ಟಿಬಿಡುತ್ತದೆ. ನೀರಿಲ್ಲದೆ ಮಾತ್ರ ಸ್ಟಾರ್ಟ್ ಮಾಡಲೇಬೇಡಿ, ಪಂಪಿನಲ್ಲಿ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಬೇಗ ಹಾಳಾಗುತ್ತದೆ.

ಇನ್ನು ಗೇರ್ ಆಯಿಲ್. ಇದನ್ನು ಚಳಿ ಮುಗಿಯಲಿ ಅಂತ ಮುಂದೂಡಬೇಡಿ, ಕೈಮುಗಿದು ಹೇಳುತ್ತೇನೆ. ಪ್ರೊಪೆಲ್ಲರ್ ಬಳಿ ಗೇರ್ ಇರುವ ಪೆಟ್ಟಿಗೆಯ (ಗೇರ್‌ಕೇಸ್) ಕೆಳಗಿನ ಸ್ಕ್ರೂ ಬಿಚ್ಚಿ, ಆಮೇಲೆ ಮೇಲಿನದು. ಇಳಿಯುವ ಎಣ್ಣೆ ಹಾಲಿನ ಥರ ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ಸೇರಿದೆ ಅಂತಲೇ ಲೆಕ್ಕ. ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಗೇರ್‌ಕೇಸೇ ಸೀಳಬಹುದು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಪಂಪ್ ಮಾಡಿ, ಮೇಲಿನದರಲ್ಲಿ ಗುಳ್ಳೆಯಿಲ್ಲದೆ ಉಕ್ಕುವ ತನಕ. ವಾಷರ್ ಹೊಸದಿರಲಿ.

ಪ್ರೊಪೆಲ್ಲರ್ ಬಿಚ್ಚಿದಾಗ ಶಾಫ್ಟಿಗೆ ಗಾಳದ ದಾರ ಸುತ್ತಿದೆಯಾ ನೋಡಿ, ಸೀಲ್ ಕೊಯ್ಯುವುದು ಅದೇ. ಸಿಲಿಂಡರಿಗೆ ಫಾಗಿಂಗ್ ಆಯಿಲ್ (ತುಕ್ಕು ಹಿಡಿಯದಂತೆ ಒಳಗೆ ಸಿಂಪಡಿಸುವ ಎಣ್ಣೆ) ಹೊಡೆದು, ಬ್ಯಾಟರಿ ತೆಗೆದಿಡಿ. ಮೋಟಾರ್ ನೆಟ್ಟಗೇ ನಿಂತಿರಲಿ. ಓರೆಯಾಗಿ ಎತ್ತಿಟ್ಟರೆ ಒಳಗಿನ ನೀರು ಪೂರ್ತಿ ಇಳಿಯುವುದಿಲ್ಲ.