ಹಾಸಿಗೆ ಹೆಚ್ಚಿಸುವ ಮೊದಲು
ನಗರಸಭೆಯ ಕಟ್ಟಡದಲ್ಲಿ ನಡೆಯುತ್ತಿರುವ ನಿಮ್ಮ 30 ಹಾಸಿಗೆಗಳ ವಸತಿರಹಿತರ ಆಶ್ರಯ ತಾಣವನ್ನು 50ಕ್ಕೆ ವಿಸ್ತರಿಸಲು ಹಣ ಎಲ್ಲಿಂದ ತರುವುದು ಎಂದು ಕೇಳಿದ್ದೀರಿ. ಹಣದ ಮಾತಿಗಿಂತ ಮೊದಲು ಜಾಗ ಅಳೆಯಿರಿ. ಇಂಥ ತಾಣಗಳಿಗೆ ನೆರವು ಕೊಡುತ್ತಿದ್ದ ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ತಲಾ ಕನಿಷ್ಠ 50 ಚದರ ಅಡಿ ಎಂದಿತ್ತು; ಅಂದರೆ 50 ಜನರಿಗೆ 2,500 ಚದರ ಅಡಿ. ಇರುವ ಹಾಲ್‌ನಲ್ಲೇ ಎರಡಂತಸ್ತಿನ ಮಂಚ ತುರುಕುವ ಯೋಚನೆಯಿದ್ದರೆ ಕೈಬಿಡಿ. ಮೊಣಕಾಲು ನೋವಿನ ವೃದ್ಧರು ಮೇಲೆ ಹತ್ತಲಾರರು, ಕೆಳಗೇ ಚಾಪೆ ಹಾಸುತ್ತಾರೆ.

ಆ ಅಭಿಯಾನದ ಅವಧಿ 2024ರ ಸೆಪ್ಟೆಂಬರ್‌ಗೆ ಮುಗಿದಿದೆ. ಹಳೆಯ ಸುತ್ತೋಲೆ ಹಿಡಿದು ಅರ್ಜಿ ಬರೆಯಬೇಡಿ. ನಗರಸಭೆಯ ಬಜೆಟ್‌ನಲ್ಲಿಯೇ ಆಶ್ರಯ ತಾಣಕ್ಕೆಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ಕೇಳಿ. ಅದಕ್ಕೆ ಡಿಸೆಂಬರ್, ಜನವರಿಯಲ್ಲೇ ಆಯುಕ್ತರ ಬೆನ್ನು ಹತ್ತಬೇಕು. ಆಸ್ತಿ ತೆರಿಗೆಯೊಂದಿಗೆ ವಸೂಲಾಗುವ ಶೇ 3ರ ಭಿಕ್ಷುಕರ ಕರದ ಮೇಲೆ ಕಣ್ಣಿಡಬೇಡಿ, ಅದು ಭಿಕ್ಷುಕರನ್ನು ಇರಿಸಿಕೊಳ್ಳುವ ಸರ್ಕಾರಿ ನಿರಾಶ್ರಿತರ ಪರಿಹಾರ ಕೇಂದ್ರಗಳ ಪಾಲು.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬೇಕಾದರೆ ನಿಮ್ಮ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ಮಾನ್ಯತೆಯ ಜೊತೆಗೆ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿಯೂ ಇರಬೇಕು. ಕಂಪನಿಗಳಿಗೆ ಕಟ್ಟಡ, ಸೋಲಾರ್ ಹೀಟರ್, ತಮ್ಮ ಹೆಸರಿನ ಫಲಕ ಎಂದರೆ ಇಷ್ಟ. ರಾತ್ರಿ ಕಾವಲುಗಾರನ ಸಂಬಳ ಎಂದರೆ ಮುಖ ತಿರುಗಿಸುತ್ತವೆ. ಆಶ್ರಯ ತಾಣಗಳು ಸೊರಗುವುದೇ ಅಲ್ಲಿ. ಹಾಗಾಗಿ ಸಂಬಳ, ವಿದ್ಯುತ್, ಶೌಚಾಲಯದ ಶುಚಿತ್ವಕ್ಕೆ ಮೂರು ವರ್ಷದ ಖರ್ಚನ್ನು ಪ್ರಸ್ತಾವನೆಯ ಮೊದಲ ಪುಟದಲ್ಲೇ ಹಾಕಿ.

ಇನ್ನೊಂದು: ರಾತ್ರಿ ಹನ್ನೊಂದರ ನಂತರ ಬಸ್ ನಿಲ್ದಾಣ, ಮಾರುಕಟ್ಟೆಯಲ್ಲಿ ಮಲಗಿದವರನ್ನು ಎಣಿಸಿ. ಅವರಲ್ಲಿ ಹೆಂಗಸರೆಷ್ಟು ಎಂಬುದು ತಿಳಿದರೆ, ಹೊಸ 20 ಹಾಸಿಗೆಗಳಿಗೆ ಬೇರೆ ಬಾಗಿಲು ಬೇಕೇ ಎಂಬುದೂ ತೀರ್ಮಾನವಾಗುತ್ತದೆ.