ಹಳೇ ಬೋಟಿನ ಎಂಜಿನ್ ಪೂರ್ತಿ ಸ್ಪೀಡಿನಲ್ಲಿ ನಿಂತುಬಿಡುತ್ತದೆ. ಕಾರ್ಬುರೇಟರ್ ಬದಲಿಸಲೋ, ಹೊಸ ಎಂಜಿನ್ ತರಲೋ?

ಎರಡೂ ಬೇಡ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಆ ಕಾರ್ಬುರೇಟರನ್ನು ಸದ್ಯಕ್ಕೆ ಮುಟ್ಟಲೇಬೇಡಿ.

ಬಲ್ಬ್, ಅಂದರೆ ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ನಡುವೆ ಇರುವ, ಕೈಯಲ್ಲಿ ಹಿಂಡಿ ಪೆಟ್ರೋಲ್ ತಳ್ಳುವ ರಬ್ಬರ್ ಉಂಡೆ, ಅದರ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ಓದಿ ನನಗೆ ಮೈ ಜುಮ್ಮೆಂದಿತು: "ಬಲ್ಬ್ ಹಿಂಡಿದರೆ ಮತ್ತೆ ಎತ್ತಿಕೊಳ್ಳುತ್ತದೆ, ಹಾಗಾಗಿ ಹೇಗೋ ನಡೆಸುತ್ತಿದ್ದೇನೆ." ಇದೇ ಮಾತನ್ನು 2023ರಲ್ಲಿ ನಾನೂ ಎರಡು ವಾರ ಹೇಳಿಕೊಂಡು ಓಡಾಡಿದ್ದೆ.

ನನ್ನದು 18 ಅಡಿಯ ಫೈಬರ್ ಬೋಟು, ಹಿಂದೆ 25 ಎಚ್‌ಪಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಬೋಟಿನ ಹೊರಗೆ ಸಿಕ್ಕಿಸುವ ಎಂಜಿನ್. ಮಾವ 2004ರಲ್ಲಿ ತೆಗೆದುಕೊಂಡದ್ದು, ಅವರಿಗೆ ಮಂಡಿನೋವು ಶುರುವಾದ ಮೇಲೆ ನನಗೆ ಬಂತು. ಕುಂದಾಪುರದ ಹತ್ತಿರದ ಗಂಗೊಳ್ಳಿಯ ಹೊಳೆಯಲ್ಲಿ ಗಾಳ ಹಾಕಲು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಯಲ್ಲಿ ನೆಂಟರನ್ನು ಸುತ್ತಾಡಿಸಲು, ಹೊಳೆ ಕಡಲು ಸೇರುವ ಅಳಿವೆ ಶಾಂತವಾಗಿದ್ದ ದಿನ ಸ್ವಲ್ಪ ಹೊರಗೆ ಹೋಗಿ ಬರಲು ಇಟ್ಟುಕೊಂಡದ್ದು. ಮಳೆಗಾಲದ ಎರಡು ತಿಂಗಳು ಶೆಡ್ಡಿನಲ್ಲಿತ್ತು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೇ ಇತ್ತು. ಸೆಪ್ಟೆಂಬರಿನಲ್ಲಿ ಇಳಿಸಿದಾಗ ನಿಮ್ಮದೇ ತೊಂದರೆ ಶುರುವಾಯಿತು. ನಿಧಾನಕ್ಕೆ ಹೋದರೆ ಬೆಣ್ಣೆಯ ಹಾಗೆ ಓಡುತ್ತದೆ. ಪೂರ್ತಿ ಕೊಟ್ಟರೆ ಐದಾರು ನಿಮಿಷ ಚೆನ್ನಾಗಿ ಹೋಗಿ, ಆಮೇಲೆ ಯಾರೋ ಕುತ್ತಿಗೆ ಹಿಡಿದ ಹಾಗೆ ಕುಸಿಯುತ್ತದೆ. ಬಲ್ಬ್ ನಾಲ್ಕು ಸಲ ಹಿಂಡಿದರೆ ಮತ್ತೆ ಸರಿ.

ನಾನು ಕಾರ್ಬುರೇಟರ್ ಬಿಚ್ಚಿದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ತೊಳೆದೆ, ಗಾಳಿ ಊದಿದೆ, ಫ್ಲೋಟ್ ನೋಡಿದೆ, ಮತ್ತೆ ಕೂರಿಸಿದೆ. ಅಂಗಳದಲ್ಲಿ ಡ್ರಮ್ಮಿಗೆ ನೀರು ತುಂಬಿ ಎಂಜಿನ್ ಇಳಿಬಿಟ್ಟು ಓಡಿಸಿದರೆ ಒಂದು ಗಂಟೆ ನಿಲ್ಲದೆ ಓಡಿತು. ಸರಿಹೋಯಿತು ಅಂತ ಹೊಳೆಗೆ ಒಯ್ದರೆ ಅದೇ ಕತೆ. ಹೀಗೆ ಮೂರು ಸಲ. ಡ್ರಮ್ಮಿನಲ್ಲಿ ಎಂಜಿನ್ನಿಗೆ ಕೆಲಸವೇ ಇರುವುದಿಲ್ಲ, ಗಂಟೆಗೆ ಒಂದು ಲೀಟರಿನ ಆಸುಪಾಸು ಪೆಟ್ರೋಲ್ ಸಿಕ್ಕರೆ ಸಾಕು. ಅದೇ ಎಂಜಿನ್ ನೀರಿನ ಮೇಲೆ ಪೂರ್ತಿ ಓಡುವಾಗ ಹತ್ತು-ಹನ್ನೆರಡು ಲೀಟರ್ ಬೇಡುತ್ತದೆ. ದಾರಿ ಅರ್ಧ ಕಟ್ಟಿದ್ದರೂ ಒಂದು ಲೀಟರ್ ಸರಾಗವಾಗಿ ಬರುತ್ತದೆ, ಹನ್ನೆರಡು ಬರುವುದಿಲ್ಲ. ಕಾರ್ಬುರೇಟರಿನ ಬಟ್ಟಲಿನಲ್ಲಿ ಇದ್ದದ್ದು ಮುಗಿಯುವ ತನಕ ಓಡಿ, ಆಮೇಲೆ ನಿಲ್ಲುತ್ತದೆ.

ಇಷ್ಟಾಗಿಯೂ ನನಗೆ ದುಬಾರಿಯಾದದ್ದು ಇದಲ್ಲ, ಆ ಬಲ್ಬು.

ಬಲ್ಬ್ ಹಿಂಡಿದಾಗ ಎಂಜಿನ್ ಜೀವ ಹಿಡಿಯುತ್ತದೆ ಎಂದರೆ ಏನರ್ಥ? ಕಿಡಿ ಸರಿಯಿದೆ, ಜೆಟ್‌ಗಳು ಸರಿಯಿವೆ, ಪೆಟ್ರೋಲ್ ಕೊಟ್ಟರೆ ಉರಿಸಲು ಎಂಜಿನ್ ತಯಾರಿದೆ, ಆದರೆ ಪೆಟ್ರೋಲ್ ತಲುಪುತ್ತಿಲ್ಲ. ದೋಷ ಟ್ಯಾಂಕಿನಿಂದ ಕಾರ್ಬುರೇಟರಿನ ಬಾಗಿಲ ತನಕದ ದಾರಿಯಲ್ಲಿದೆ ಅಂತ ಎಂಜಿನ್ನೇ ಬಾಯಿಬಿಟ್ಟು ಹೇಳಿದ ಹಾಗೆ. ಇಷ್ಟು ಸ್ಪಷ್ಟವಾದ ಸುಳಿವು ಬೇರೆ ಯಾವ ಪರೀಕ್ಷೆಯಲ್ಲೂ ಸಿಗುವುದಿಲ್ಲ. ನಾನು ಆ ಸುಳಿವನ್ನೇ ಔಷಧಿ ಮಾಡಿಕೊಂಡೆ. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಬಲ್ಬ್ ಮೇಲೆ, ಹಿಂಡುತ್ತಾ ಹಿಂಡುತ್ತಾ ಬೋಟು ನಡೆಸಿದೆ. ಅಕ್ಕನ ಮಗನಿಗೆ "ನೀನು ಹಿಂಡ್ತಾ ಇರು" ಅಂತ ಅದನ್ನೊಂದು ಕೆಲಸವಾಗಿ ಒಪ್ಪಿಸಿದೆ. ಎಂಜಿನ್ ಕುಸಿಯುವ ಹೊತ್ತಿಗೆ ಬಲ್ಬ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿರುತ್ತಿತ್ತು. ಅದನ್ನು ನೋಡಿಯೂ ಬಲ್ಬೇ ಹಳತಾಗಿದೆ ಎಂದುಕೊಂಡು ಹೊಸ ಬಲ್ಬ್ ತಂದು ಹಳೇ ಪೈಪಿಗೇ ಕ್ಲಿಪ್ ಬಿಗಿದೆ. ಚಪ್ಪಟೆಯಾದ ಬಲ್ಬ್ ಎಂದರೆ ಅದರ ಹಿಂದೆ, ಟ್ಯಾಂಕಿನ ಕಡೆ, ಎಲ್ಲೋ ದಾರಿ ಮುಚ್ಚಿದೆ ಎಂದೇ ಅರ್ಥ. ಇದು ಆಮೇಲೆ ತಿಳಿಯಿತು.

ಟೂ-ಸ್ಟ್ರೋಕಿನಲ್ಲಿ ಇದು ಯಾಕೆ ಅಪಾಯ ಅಂದರೆ, ನಾವು ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತೇವೆ. ನನ್ನದರಲ್ಲಿ ಲೀಟರಿಗೆ 20 ಮಿಲಿ. ಪೆಟ್ರೋಲ್ ಕಡಿಮೆ ಬಂತೆಂದರೆ ಆಯಿಲೂ ಕಡಿಮೆ ಬಂತು. ಮೇಲಾಗಿ ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆಯಾದ ಮಿಶ್ರಣ ಬಿಸಿ ಹೆಚ್ಚಿಸುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಸಿಲಿಂಡರಿಗಿಂತ ಬೇಗ ಹಿಗ್ಗುತ್ತದೆ. ಹೀಗಾಗಿ ಕುಸಿಯುವ ಒಂದೊಂದು ಸಲವೂ ಪಿಸ್ಟನ್ ಆಯಿಲಿಲ್ಲದೆ ಉಜ್ಜಿಕೊಳ್ಳುತ್ತಿರುತ್ತದೆ. ನಾನು ಹಿಂಡಿ ಹಿಂಡಿ ಎರಡು ವಾರ ಮಾಡಿದ್ದು ಅದನ್ನೇ.

ಅಕ್ಟೋಬರಿನ ಒಂದು ಬೆಳಗ್ಗೆ ಅಳಿವೆಯಲ್ಲಿ ಎಂಜಿನ್ ಹಿಡಿದುಕೊಂಡಿತು. ಕುಸಿಯಲಿಲ್ಲ, ಕೆಮ್ಮಲಿಲ್ಲ, ಒಮ್ಮೆ ಕೀಚೆಂದು ನಿಂತಿತು. ಹಗ್ಗ ಎಳೆದರೆ ಅಲ್ಲಾಡಲಿಲ್ಲ. ಇಳಿತದ ಹೊತ್ತು, ಐದು ಹೊಳೆಗಳ ನೀರು ಒಂದೇ ಬಾಯಿಯಿಂದ ಕಡಲಿಗೆ ನುಗ್ಗುವ ಜಾಗ. ಕೋಡಿ ಊರಿನ ಕಡೆಯ ಕಲ್ಲಿನ ತಡೆಗೋಡೆ ನಮ್ಮ ಪಕ್ಕದಲ್ಲೇ ಸರಿದು ಹೋಗುತ್ತಿತ್ತು. ಅಕ್ಕನ ಮಗ ಇನ್ನೂ ಬಲ್ಬ್ ಹಿಂಡುತ್ತಲೇ ಇದ್ದ. ಲಂಗರು ಎರಡನೇ ಸಲಕ್ಕೆ ಕಚ್ಚಿತು. ಒಳಗೆ ಬರುತ್ತಿದ್ದ ನಾಡದೋಣಿಯವರು ಹಗ್ಗ ಎಸೆದು ಎಳೆದು ತಂದರು. ಆ ಹುಡುಗನ ಮುಖ ಈಗಲೂ ಕಣ್ಣ ಮುಂದಿದೆ.

ಎಂಜಿನ್ ಬಿಚ್ಚಿದ ಹಿರಿಯ ಮೆಕ್ಯಾನಿಕ್ ಪಿಸ್ಟನ್ನಿನ ಗೀರುಗಳನ್ನು ನೋಡಿ, ಕೂಲಿಂಗ್ ನೀರು ಪಿಚಕಾರಿಯ ಹಾಗೆ ಬರುತ್ತಿತ್ತಾ ಅಂತ ಕೇಳಿದರು. ಬರುತ್ತಿತ್ತು ಅಂದೆ, ಅಂದರೆ ನೀರಿಲ್ಲದೆ ಕಾದದ್ದಲ್ಲ. "ಹಾಂಗಾರೆ ಪೈಪ್ ತಕಂಡ್ ಬನ್ನಿ" ಅಂದರು. ನಾನು ಆ ಪೈಪಿಗೆ ಬಾಯಿಟ್ಟು ಊದಿ ನೋಡಿದ್ದೆ, ಸಲೀಸಾಗಿ ಗಾಳಿ ಹೋಗುತ್ತಿತ್ತು, ಅದನ್ನೇ ಹೇಳಿದೆ. ಅವರು ಉತ್ತರ ಕೊಡದೆ ಬ್ಲೇಡಿನಿಂದ ಪೈಪನ್ನು ಉದ್ದಕ್ಕೆ ಸೀಳಿದರು. ಒಳಪದರ ಒಂದು ಕಡೆ ಮೈಬಿಟ್ಟು, ಒಣಗಿದ ಬಾಳೆಪಟ್ಟೆಯ ಸಿಪ್ಪೆಯ ಹಾಗೆ, ಹೆಬ್ಬೆರಳ ಉಗುರಿನಷ್ಟು ನಾಲಿಗೆಯಾಗಿ ಎದ್ದು ನಿಂತಿತ್ತು. ಊದಿದರೆ ಅದು ಗೋಡೆಗೆ ಅಂಟಿ ದಾರಿ ಬಿಡುತ್ತದೆ. ಎಂಜಿನ್ನಿನ ಪಂಪ್ ಜೋರಾಗಿ ಎಳೆದರೆ ಅಡ್ಡ ಬಂದು ಮುಚ್ಚುತ್ತದೆ. "ಮದ್ದ್ ಕಾರ್ಬುರೇಟರಿಗೆ ಕೊಟ್ರಿ, ಕಾಯಿಲೆ ಪೈಪಿಂದ್ ಅಲ್ದಾ?" ಅಂದರು. ಪಿಸ್ಟನ್, ರಿಂಗ್, ಸಿಲಿಂಡರ್ ಕೊರೆದು ಸರಿಮಾಡುವ ರೀಬೋರ್ ಎಲ್ಲ ಸೇರಿ 38 ಸಾವಿರ ಆಯಿತು. ಹೊಸ ಪೈಪಿಗೆ 900 ರೂಪಾಯಿ.

ಹಾಗಾಗಿ ನಿಮ್ಮಲ್ಲಿ ನನ್ನ ಮೊದಲ ಬೇಡಿಕೆ: ಕಾರಣ ಸಿಗುವ ತನಕ ಪೂರ್ತಿ ಥ್ರಾಟಲ್ ಕೊಡಬೇಡಿ. ಪರೀಕ್ಷೆಗೆ ಕೊಡಲೇಬೇಕಾದಾಗಲೂ ಕುಸಿಯುವ ಲಕ್ಷಣ ಕಂಡ ತಕ್ಷಣ ಇಳಿಸಿ, ಹಿಂಡಿ ಎಬ್ಬಿಸಬೇಡಿ.

ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯಾ ನೋಡಿ. ಅದು ಮುಚ್ಚಿದ್ದರೆ ಟ್ಯಾಂಕಿನೊಳಗೆ ಗಾಳಿ ಬರುವ ದಾರಿಯಿಲ್ಲದೆ ಇದೇ ಲಕ್ಷಣ ಬರುತ್ತದೆ, ಮುಚ್ಚಳ ಸಡಿಲಿಸಿದರೆ ಉಸ್ಸೆಂದು ಗಾಳಿ ಒಳಗೆ ಎಳೆಯುತ್ತದೆ. ಅದು ಸರಿಯಿದ್ದರೆ, ಚೆನ್ನಾಗಿ ಓಡುತ್ತಿರುವ ಬೋಟಿನವರಿಂದ ಟ್ಯಾಂಕ್, ಪೈಪ್, ಬಲ್ಬ್ ಮೂರನ್ನೂ ಒಟ್ಟಿಗೆ ಕೇಳಿ ತನ್ನಿ. ಕನೆಕ್ಟರ್ ನಿಮ್ಮ ಎಂಜಿನ್ನಿಗೆ ಕೂರಬೇಕು, ಪೆಟ್ರೋಲಿಗೆ ನಿಮ್ಮ ಎಂಜಿನ್ನಿನ ಲೆಕ್ಕದಲ್ಲೇ ಆಯಿಲ್ ಬೆರೆತಿರಬೇಕು. ಹೊಳೆಯ ಒಳಗೇ, ದಡದ ಹತ್ತಿರ, ಕಾಲು ಗಂಟೆ ಓಡಿಸಿ. ಚೆನ್ನಾಗಿ ಓಡಿತು ಎಂದರೆ ಎಂಜಿನ್ನಿನದು ಏನೂ ತಪ್ಪಿಲ್ಲ, ನಿಮ್ಮ ಟ್ಯಾಂಕಿನ ಕಡೆಯೇ ದೋಷ: ಪೈಪ್, ಟ್ಯಾಂಕಿನೊಳಗಿನ ಹೀರುನಳಿಕೆಯ ಜಾಲರಿ, ಕನೆಕ್ಟರಿನ ರಬ್ಬರ್ ರಿಂಗ್. ಓಡಲಿಲ್ಲ ಎಂದರೆ ಎಂಜಿನ್ ಮೇಲಿನ ಫಿಲ್ಟರ್ ಮತ್ತು ಫ್ಯುಯೆಲ್ ಪಂಪಿನ ಡಯಾಫ್ರಮ್ ನೋಡಿ. ಆ ತೆಳು ಹಾಳೆ ಗಟ್ಟಿಯಾಗಿದ್ದರೂ ಸೂಜಿಮೊನೆಯಷ್ಟು ತೂತಾಗಿದ್ದರೂ ಪಂಪ್ ಎಳೆಯುವುದಿಲ್ಲ. ಇದೆಲ್ಲ ಮುಗಿದ ಮೇಲೂ ತೊಂದರೆ ಉಳಿದರೆ ಆಗ ಕಾರ್ಬುರೇಟರಿಗೆ ಕೈ ಹಾಕಿ.

ಇನ್ನೊಂದು ಮಾತು. ಹೀರುವ ಕಡೆ ಎಲ್ಲಾದರೂ ಬಿರುಕಿದ್ದರೆ ಪೆಟ್ರೋಲ್ ಹೊರಗೆ ಸೋರದೆಯೂ ಇರಬಹುದು, ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ಸೋರಿಲ್ಲ ಅಂತ ಪೈಪನ್ನು ಪಾಸ್ ಮಾಡಬೇಡಿ.

ಪೆಟ್ರೋಲಿನಿಂದಲೂ ತೊಂದರೆ ಆಗಿರಬಹುದಾ ಅಂತಲೂ ಕೇಳಿದ್ದೀರಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ತನಕ ಎಥನಾಲ್ ಬೆರೆತದ್ದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ನೀರು ಮಿತಿಮೀರಿದರೆ ಎಥನಾಲ್ ನೀರಿನ ಜೊತೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಹೀರುನಳಿಕೆ ಇರುವುದೂ ತಳದಲ್ಲೇ. ಟ್ಯಾಂಕಿನ ತಳದಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ತೆಗೆದು ಒಂದು ರಾತ್ರಿ ಬಿಡಿ. ಕೆಳಗೆ ಬೇರೆ ಪದರ ಕಂಡರೆ ಆ ಪೆಟ್ರೋಲ್ ಪೂರ್ತಿ ತೆಗೆಯಿರಿ. ಬಾಟಲಿಯಲ್ಲಿ ಮಾರುವ ಯಾವ ಮದ್ದೂ ಅದನ್ನು ಮತ್ತೆ ಒಂದುಗೂಡಿಸುವುದಿಲ್ಲ, ದುಡ್ಡು ಹಾಕಬೇಡಿ. ಮಳೆಗಾಲಕ್ಕೆ ಬೋಟು ಮೇಲೆಳೆಯುವಾಗ ಟ್ಯಾಂಕ್ ಖಾಲಿ ಮಾಡಿ ಒಣಗಿಸಿ, ಪೈಪ್ ತೆಗೆದು, ಎಂಜಿನ್ನಿನಲ್ಲಿ ಉಳಿದದ್ದನ್ನೂ ಖಾಲಿ ಮಾಡಿ. ಈ ಕೆಲಸಗಳನ್ನು ಬೋಟಿನ ಹೊರಗೆ, ಗಾಳಿಯಾಡುವಲ್ಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂತು ಬ್ಯಾಟರಿಯ ಒಂದು ಕಿಡಿಗೆ ಕಾಯುತ್ತಿರುತ್ತದೆ.

ಪೈಪ್ ಹೇಗೂ ಬದಲಿಸಿ. ಇಪ್ಪತ್ತು ವರ್ಷದ ಪೈಪನ್ನು ಪರೀಕ್ಷೆ ಮಾಡಿ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಬೋಟಿನ ಪೆಟ್ರೋಲಿಗೇ ಮಾಡಿದ ಪೈಪ್ ಕೇಳಿ, ಅದರ ಮೈಮೇಲೆ ಬಿ1-15 ಅಥವಾ ಎ1-15 ಅಂತ ಅಚ್ಚಿರುತ್ತದೆ. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪ್ ಹಾಕಿದವರನ್ನೂ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಹೊಸ ಫೋರ್-ಸ್ಟ್ರೋಕ್ ಬೇಕಾದರೆ ಆಮೇಲೆ ತೆಗೆದುಕೊಳ್ಳಿ, ಬೇಡವೆನ್ನಲಾರೆ. ಆದರೆ ಅದನ್ನು ಇದೇ ಟ್ಯಾಂಕಿಗೆ, ಇದೇ ಪೈಪಿಗೆ ಜೋಡಿಸಿದರೆ ಆ ಹೊಸ ಎಂಜಿನ್ನೂ ಆರನೇ ನಿಮಿಷಕ್ಕೆ ಹೀಗೇ ಕುಸಿಯುತ್ತದೆ.

ಒಂದು ವಿಷಯ ನೀವು ಬರೆದಿಲ್ಲ. ಎಂಜಿನ್ ಕುಸಿಯುವ ಆ ಕ್ಷಣದಲ್ಲಿ ಬಲ್ಬ್ ಹೇಗಿರುತ್ತದೆ, ಚಪ್ಪಟೆಯೋ, ಗಟ್ಟಿಯೋ, ಮೆತ್ತಗೋ? ಹಿಂಡಬೇಡಿ, ಬರೀ ಮುಟ್ಟಿ ನೋಡಿ ಇಲ್ಲಿ ಬರೆಯಿರಿ.