ಓದಿದ ಮೇಲೆ ತಾನೂ ಬರೆಯಬೇಕೆನ್ನಿಸುವ ಕನ್ನಡ ಜಾಲಬರಹಗಾರರು ಯಾರು?

ಹಿರಿಯೂರಿನಿಂದ ಪದವಿ ಓದಲು ದಾವಣಗೆರೆಗೆ ಬಂದಿರುವುದಾಗಿಯೂ, ಬರೆಯುವ ಆಸೆಯಿದ್ದರೂ ಎರಡು ಪ್ಯಾರಾದ ಮೇಲೆ ಕೈ ನಿಂತುಹೋಗುತ್ತದೆಂದೂ, ಅಂತರ್ಜಾಲದಲ್ಲಿ ತಪ್ಪದೆ ಓದಬಹುದಾದ, ಸ್ಫೂರ್ತಿ ಕೊಡುವ ಕನ್ನಡ ಬರಹಗಾರರನ್ನು ಸೂಚಿಸಬೇಕೆಂದೂ ಕೇಳಿದ್ದೀರಿ. ನಾನು ಸಾಹಿತಿಯಲ್ಲ, ಇದೇ ಊರಿನ ಎಪಿಎಂಸಿ ಯಾರ್ಡಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ ಮಂಡಿಯಲ್ಲಿ ಮಧ್ಯಾಹ್ನದ ಹೊತ್ತು ಕೆಲಸ ಕಡಿಮೆ. ಆ ಬಿಡುವಿನಲ್ಲಿ ಹದಿನೈದು ವರ್ಷಗಳಿಂದ ಕನ್ನಡದ ಜಾಲತಾಣಗಳನ್ನು ಓದುತ್ತ ಬಂದಿದ್ದೇನೆ ಎಂಬುದಷ್ಟೇ ಈ ಉತ್ತರಕ್ಕೆ ನನಗಿರುವ ಅರ್ಹತೆ.

‘ಸ್ಫೂರ್ತಿ’ ಎಂಬ ಮಾತಿನ ಬಗ್ಗೆ ನನಗೊಂದು ಸಣ್ಣ ತಕರಾರಿದೆ. ಬೆಳಗ್ಗೆ ಎದ್ದೊಡನೆ ಸೂರ್ಯೋದಯದ ಚಿತ್ರದ ಮೇಲೆ ಎರಡು ಸಾಲಿನ ಉಪದೇಶ ಬರೆದು ಕಳುಹಿಸುವವರನ್ನು ಓದಿ ಪೆನ್ನು ಹಿಡಿಯಬೇಕೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ತನಗೆ ಕೈಯಾರೆ ಗೊತ್ತಿರುವ ಸಂಗತಿಯೊಂದನ್ನು ಹಿಡಿದು, ಓದುವವರು ಹತ್ತೇ ಜನವಿದ್ದರೂ ವರ್ಷಗಟ್ಟಲೆ ಬರೆಯುತ್ತ ಹೋಗುವವರನ್ನು ಕಂಡಾಗ ಹಾಗನ್ನಿಸಿದೆ. ಮುಂದಿನ ಹೆಸರುಗಳೆಲ್ಲ ಈ ಅಳತೆಯಲ್ಲೇ ಬಂದವು.

ಮೊದಲನೆಯವರು ಜಿ. ಎನ್. ಅಶೋಕವರ್ಧನ. ಮಂಗಳೂರಿನಲ್ಲಿ 1975ರಿಂದ 2012ರವರೆಗೆ ಅತ್ರಿ ಬುಕ್ ಸೆಂಟರ್ ಎಂಬ ಪುಸ್ತಕದಂಗಡಿ ನಡೆಸಿದವರು. ಅಂಗಡಿಯ ಹೆಸರಿನಲ್ಲೇ ಇರುವ ಅವರ ಜಾಲತಾಣದಲ್ಲಿ ಬೆಟ್ಟ ಹತ್ತಿದ್ದು, ಸೈಕಲ್ ತುಳಿದದ್ದು, ಯಕ್ಷಗಾನ ನೋಡಿದ್ದು ಎಲ್ಲವೂ ಇದೆ. ಆದರೆ ವ್ಯಾಪಾರದ ಜಾಗದಲ್ಲೇ ದಿನ ಕಳೆಯುವ ನನ್ನಂಥವನನ್ನು ಹಿಡಿದು ಕೂರಿಸಿದವು ಪುಸ್ತಕ ಮಾರಾಟದ ಕುರಿತ ಬರಹಗಳು. ಆ ಕಸುಬಿನ ಕಷ್ಟಗಳನ್ನು ಅವರು ಸಾಹಿತ್ಯಪ್ರೇಮದ ದೊಡ್ಡ ಮಾತುಗಳಲ್ಲಿ ಮುಚ್ಚದೆ, ಅಂಗಡಿಯವನ ಕಣ್ಣಿನಿಂದಲೇ ಬರೆಯುತ್ತಾರೆ. ರೋಜು ಪುಸ್ತಕ, ತೂಕದ ಚೀಟಿ, ಹಮಾಲಿ ಕೂಲಿ ಇವೂ ಬರಹದ ವಸ್ತುವಾಗಬಲ್ಲವೆಂದು ನನಗೆ ಹೊಳೆದದ್ದು ಅವನ್ನು ಓದಿದ ಮೇಲೆಯೇ. ಅವರ ತಂದೆ ಜಿ. ಟಿ. ನಾರಾಯಣ ರಾವ್ ಕನ್ನಡದ ಹೆಸರಾಂತ ವಿಜ್ಞಾನ ಲೇಖಕರು. ತಂದೆಯ ಪುಸ್ತಕಗಳನ್ನು ಮಗ ಅದೇ ತಾಣದಲ್ಲಿ ಉಚಿತ ಇ-ಪುಸ್ತಕಗಳಾಗಿ ಒದಗಿಸಿದ್ದಾರೆ. ಅಶೋಕವರ್ಧನರ ಪ್ರವಾಸ ಕಥನಗಳು ನನಗೆ ಒಮ್ಮೊಮ್ಮೆ ಅತಿ ಉದ್ದವೆನ್ನಿಸುತ್ತವೆ. ಅಂಥಲ್ಲಿ ಹಾಳೆ ಮಗುಚಿ ಮುಂದೆ ಹೋದರೆ ಅಡ್ಡಿಯಿಲ್ಲ.

ವಿಜ್ಞಾನದಲ್ಲಿ ಇಬ್ಬರನ್ನು ಹೇಳುತ್ತೇನೆ. ‘ಸುಧಾ’ ವಾರಪತ್ರಿಕೆಯ ಸಂಪಾದಕರಾಗಿದ್ದ ನಾಗೇಶ ಹೆಗಡೆಯವರು ‘ಪ್ರಜಾವಾಣಿ’ಯಲ್ಲಿ ದಶಕಗಳ ಕಾಲ ವಿಜ್ಞಾನ ಮತ್ತು ಪರಿಸರದ ಬಗ್ಗೆ ಅಂಕಣ ಬರೆದವರು, ಫೇಸ್‌ಬುಕ್ಕಿನಲ್ಲಿಯೂ ಬರೆಯುತ್ತಾರೆ. ಕಠಿಣವಾದ ವಿಷಯವನ್ನು ಪಕ್ಕದ ಮನೆಯ ಸಮಾಚಾರದಂತೆ ಆರಂಭಿಸಿ, ಓದುಗನಿಗೆ ಗೊತ್ತಾಗದಂತೆ ಅದರ ನಡುಮಧ್ಯಕ್ಕೆ ಕರೆದೊಯ್ಯುವುದು ಅವರ ಕ್ರಮ. ನಿಮ್ಮ ಕೈ ಎರಡನೆಯ ಪ್ಯಾರಾದಲ್ಲಿ ನಿಲ್ಲುತ್ತದೆಂದಿರಲ್ಲ, ಅವರ ಲೇಖನವೊಂದನ್ನು ಮುಂದಿಟ್ಟುಕೊಂಡು ಎರಡನೆಯ ಪ್ಯಾರಾದಿಂದ ಮೂರನೆಯದಕ್ಕೆ ಅವರು ಹೇಗೆ ದಾಟುತ್ತಾರೆಂಬುದನ್ನು ಮಾತ್ರ ಗಮನಿಸಿ. ಇನ್ನೊಬ್ಬರು ಟಿ. ಜಿ. ಶ್ರೀನಿಧಿ. 2007ರಲ್ಲಿ ಆರಂಭವಾದ ಅವರ ‘ಇಜ್ಞಾನ’ ತಾಣ ತಂತ್ರಜ್ಞಾನವನ್ನು ಚಿಕ್ಕ ಚಿಕ್ಕ ಬರಹಗಳಲ್ಲಿ ತಿಳಿಸುತ್ತದೆ. ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗದು ಎನ್ನುವವರಿಗೆ ನಾನು ಅದನ್ನೇ ತೋರಿಸುತ್ತೇನೆ.

ಗದ್ಯದ ಸೊಗಸಿಗಾಗಿ ಅಬ್ದುಲ್ ರಶೀದ್ ಅವರನ್ನು ಓದಿ. ‘ಮೈಸೂರು ಪೋಸ್ಟ್’ ಎಂಬ ಬ್ಲಾಗ್ ಬರೆದವರೂ ‘ಕೆಂಡಸಂಪಿಗೆ’ ತಾಣವನ್ನು ಕಟ್ಟಿದವರೂ ಅವರೇ. ಆಕಾಶವಾಣಿಯ ಕೆಲಸದ ಮೇಲೆ ಲಕ್ಷದ್ವೀಪದಲ್ಲಿದ್ದಾಗ ಬರೆದ ಬರಹಗಳಂತೂ ಕಡಲನ್ನೇ ಅಪರೂಪಕ್ಕೆ ಕಾಣುವ ನಮ್ಮ ಬಯಲುಸೀಮೆಯವರಿಗೆ ಬೇರೆಯೇ ಲೋಕ. ಪದಗಳ ಚೇಷ್ಟೆ ಇಷ್ಟವಿದ್ದರೆ, ಅಮೆರಿಕದಲ್ಲಿದ್ದುಕೊಂಡು ಕನ್ನಡ ಅಂಕಣಗಳನ್ನು ಬರೆಯುತ್ತ ಬಂದಿರುವ ಶ್ರೀವತ್ಸ ಜೋಶಿಯವರಿದ್ದಾರೆ. ಶ್ಲೇಷೆ ಕೊಂಚ ಹೆಚ್ಚಾಯಿತೆನ್ನಿಸುವುದುಂಟು. ಶಿಸ್ತು ಮಾತ್ರ ಅಪರೂಪದ್ದು.

ಬ್ಲಾಗಿಗರೆನ್ನಲಾಗದ ಒಬ್ಬರನ್ನು ಈ ಪಟ್ಟಿಯಿಂದ ಬಿಡಲು ನನಗೆ ಮನಸ್ಸಿಲ್ಲ. ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ಜಾಲನಿಘಂಟನ್ನು ನೀವು ಬಳಸಿರಬಹುದು. 1.5 ಲಕ್ಷದಷ್ಟು ಪದಗಳಿರುವ ಆ ನಿಘಂಟನ್ನು ವಿ. ಕೃಷ್ಣ ಎಂಬ ಒಬ್ಬರೇ ಸುಮಾರು ನಾಲ್ಕು ದಶಕ ಕುಳಿತು ಸಿದ್ಧಪಡಿಸಿದರು. ಅದು 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಜಾಲಕ್ಕೆ ಬಂತು. ಸಂಜೆ ಖಾತೆ ತಾಳೆಯಾಗದೆ ತಲೆ ಬಿಸಿಯಾದಾಗ ನಾನು ಆ ನಾಲ್ಕು ದಶಕವನ್ನು ನೆನೆಸಿಕೊಳ್ಳುತ್ತೇನೆ. ಹಾಗೆಯೇ ಬಿಡುವಾದಾಗ ‘ವಚನ ಸಂಚಯ’ಕ್ಕೆ ಹೋಗಿ ಒಂದು ಪದವನ್ನು ಹುಡುಕಿ ನೋಡಿ. ‘ತಕ್ಕಡಿ’ ಎಂದೋ ‘ಕೂಲಿ’ ಎಂದೋ ಕೊಟ್ಟರೆ, ಸಾವಿರಾರು ವಚನಗಳ ನಡುವೆ ಆ ಮಾತು ಎಲ್ಲೆಲ್ಲಿ ಬಂದಿದೆಯೆಂಬುದನ್ನು ತೋರಿಸುವ ತಾಣವದು.

ಕೃಷಿಯ ಕಡೆಯಿಂದ, ‘ಅಡಿಕೆ ಪತ್ರಿಕೆ’ಯನ್ನು ಕಟ್ಟಿ ಬೆಳೆಸಿದವರಲ್ಲೊಬ್ಬರಾದ ಶ್ರೀ ಪಡ್ರೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ಆ ಪತ್ರಿಕೆ ರೈತನ ಕೈಗೇ ಲೇಖನಿ ಕೊಡಬೇಕೆಂದು ಹೊರಟದ್ದು. ಪಡ್ರೆಯವರ ಮಳೆಕೊಯ್ಲಿನ ಬರಹಗಳು ಚಿತ್ರದುರ್ಗದ ಕಡೆಯವರಿಗೆ ಪಾಠದಂತಿವೆ. 2021ರಲ್ಲಿ ಬಾಳೆಕಾಯಿ ಹುಡಿಯನ್ನು ಮನೆಯಲ್ಲೇ ತಯಾರಿಸುವ ‘ಬಾಕಾಹು’ ಆಂದೋಲನ ಅವರ ಪ್ರೋತ್ಸಾಹದಿಂದ ವಾಟ್ಸ್ಆಪ್ ಮೂಲಕ ಹಬ್ಬಿದಾಗ, ಬರಹವೊಂದು ಓದುಗರ ಅಡುಗೆಮನೆಗೆ ಹೋಗಿ ಮುಟ್ಟುವುದನ್ನು ಕಂಡೆ.

ಓದುವ ವಿಧಾನದ ಬಗ್ಗೆ ಒಂದು ಮಾತು. ಇವರ ಬರಹ ಕಣ್ಣಿಗೆ ಬೀಳಲಿ ಎಂದು ಫೇಸ್‌ಬುಕ್ಕನ್ನು ನಂಬಿ ಕೂರಬೇಡಿ. ಅದು ತನಗೆ ಬೇಕಾದದ್ದನ್ನು ತೋರಿಸುತ್ತದೆ. ತಾಣದಲ್ಲಿ ಇಮೇಲ್ ಚಂದಾದಾರಿಕೆಯಿದ್ದರೆ ಅದನ್ನು ಪಡೆಯಿರಿ, ಇಲ್ಲವಾದರೆ ವಾರಕ್ಕೊಮ್ಮೆ ನೀವೇ ಹೋಗಿ ನೋಡಿ. ಇಷ್ಟವಾದ ಬರಹವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳುವುದೂ ಒಳ್ಳೆಯದು. ನಾನು ಕೊಂಡಿಗಳನ್ನಷ್ಟೇ ಕೂಡಿಟ್ಟಿದ್ದ ಒಂದು ತಾಣ ಇದ್ದಕ್ಕಿದ್ದಂತೆ ಮುಚ್ಚಿಹೋಗಿ, ಹಲವು ವರ್ಷಗಳ ಸಂಗ್ರಹದಲ್ಲಿ ಅರ್ಧ ಕೈಬಿಟ್ಟಿತು. ಹಳೆಯ ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್ ತಾಣದಲ್ಲಿ ಹುಡುಕಿ ಅಷ್ಟಿಷ್ಟು ಮರಳಿ ಪಡೆದೆ.

ನಾನು ಹೇಳಿದ ಹೆಸರುಗಳಲ್ಲಿ ಹೆಚ್ಚಿನವು ಕರಾವಳಿಯ, ಮಲೆನಾಡಿನ ಕಡೆಯವು ಎಂಬುದನ್ನು ನೀವು ಗಮನಿಸಿರುತ್ತೀರಿ. ಅದು ನನ್ನ ಪಕ್ಷಪಾತವಲ್ಲ. ಜಾಲದ ಕನ್ನಡದಲ್ಲಿ ಅವರ ಮಳೆ, ಅವರ ತೋಟ, ಅವರ ಯಕ್ಷಗಾನ ಸಿಕ್ಕಷ್ಟು ಸುಲಭವಾಗಿ ನಮ್ಮ ಮಂಡಕ್ಕಿ ಭಟ್ಟಿಯಾಗಲಿ, ಶೇಂಗಾ ಹೊಲವಾಗಲಿ ನನಗೆ ಸಿಕ್ಕಿಲ್ಲ. ನಿಮ್ಮೂರಿನ ವಾಣಿ ವಿಲಾಸ ಸಾಗರ, ಅಂದರೆ ಮಾರಿಕಣಿವೆ ಜಲಾಶಯ, 1933ರ ನಂತರ ಮೊದಲ ಬಾರಿಗೆ, 89 ವರ್ಷಗಳ ಮೇಲೆ, 2022ರಲ್ಲಿ ಕೋಡಿ ಬಿದ್ದಾಗ ನಾನು ಒಂದು ವಾರ ಹುಡುಕಿದೆ. ಅರ್ಧ ನಿಮಿಷದ ವಿಡಿಯೋಗಳು ಬೇಕಾದಷ್ಟು ಸಿಕ್ಕವು. ಮಾರಿಕಣಿವೆಯ ದಂಡೆಯಲ್ಲಿ ನಿಂತು ನೋಡಿದವರು ಸಾವಧಾನವಾಗಿ ಬರೆದ ನಾಲ್ಕು ಪುಟ ಸಿಗಲಿಲ್ಲ. ನೀವು ಆ ದಿನಗಳಲ್ಲಿ ಅಲ್ಲಿದ್ದಿರಾದರೆ, ಅಥವಾ ಕೋಡಿ ನೋಡಲು ಹೋದ ನಿಮ್ಮ ಮನೆಯ ಹಿರಿಯರಿದ್ದರೆ, ಅದನ್ನು ಬರೆದು ಕೊಂಡಿಯನ್ನು ಇಲ್ಲಿಯೇ ಹಾಕಿ. ಮಂಡಿಯ ಬಿಡುವಿನಲ್ಲಿ ಓದುತ್ತೇನೆ.